ಶಿಕ್ಷಕರಿಗೆ ಸಂಶೋಧನೆಯ ಶಿಕ್ಷಣ

ಪಾಠ ಹೇಳುವುದು ಒಂದು ವಿದ್ಯೆ. ಹೇಳಿದ ಪಾಠದಿಂದ ಮಗುವಿಗೆ ಏನಾಯಿತೆಂಬುದನ್ನು ಅರಿಯುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಬಿ.ಎಡ್. ತರಗತಿಗಳು ಕಲಿಸುತ್ತವೆ. ಎರಡನೆಯದನ್ನು ಕಲಿಸುವ ಹೊಣೆ ಎಂ.ಎಡ್. ಮತ್ತು ಪಿಎಚ್.ಡಿ. ವ್ಯಾಸಂಗಗಳ ಮೇಲಿದೆ. ಅಲ್ಲಿ ‘ಸಂಶೋಧನಾ ವಿಧಾನ’ ಎಂಬ ಹೆಸರಿನ ಒಂದು ಪತ್ರಿಕೆ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಭಯದಿಂದ ಓದುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ ಎಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಹಾಗಿದ್ದರೂ ಶಾಲೆಯೊಂದರ ಏಳಿಗೆಯಲ್ಲಿ ಆಸಕ್ತಿಯುಳ್ಳ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು ಆ ಪತ್ರಿಕೆಯ ಕಡೆಗೆ ಒಮ್ಮೆ ಗಮನ ಹರಿಸುವುದು ಉಚಿತ. ತರಗತಿಯಲ್ಲಿ ಕಣ್ಣಿಗೆ ಬೀಳದ ಮಗುವನ್ನು ಕಾಣುವ ಬಗೆಯನ್ನು ಕ್ರಮವಾಗಿ ಕಲಿಸಬಲ್ಲ ವಿದ್ಯೆ ಅದು.

ಭಾರತದಲ್ಲಿ ಈ ವ್ಯಾಸಂಗದ ಇತಿಹಾಸ ಒಂದು ಶತಮಾನಕ್ಕಿಂತ ಕಿರಿದು. ಮುಂಬಯಿ ವಿಶ್ವವಿದ್ಯಾಲಯವು 1936ರಲ್ಲಿ ಎಂ.ಎಡ್. ಪದವಿಯನ್ನು ಆರಂಭಿಸಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಕಾಲದಲ್ಲಿ ಡಾ. ವಿ. ವಿ. ಕಾಮತರು ಫ್ರಾನ್ಸಿನ ಆಲ್ಫ್ರೆಡ್ ಬೀನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸುವ ಕಾರ್ಯದಲ್ಲಿ ತೊಡಗಿದ್ದರು. ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಪರದೇಶದ ಅಳತೆಗೋಲನ್ನು ಇದ್ದಂತೆಯೇ ತಂದು ಇಲ್ಲಿನ ಮಕ್ಕಳನ್ನು ಅಳೆಯಲಾಗದು, ಕೋಲನ್ನೇ ಮೊದಲು ಇಲ್ಲಿನ ನೆಲದಲ್ಲಿ ಪರೀಕ್ಷಿಸಬೇಕು ಎಂಬ ವಿವೇಕ ಆ ಕಾರ್ಯದ ಹಿಂದಿತ್ತು. ಕನ್ನಡ ನಾಡಿನ ಶಿಕ್ಷಣ ಸಂಶೋಧನೆಗೆ ಇದು ಶುಭಾರಂಭವೆಂದೇ ಹೇಳಬೇಕು.

ಸ್ವಾತಂತ್ರ್ಯಾನಂತರ ಸಂಸ್ಥೆಗಳು ಒಂದೊಂದಾಗಿ ತಲೆಯೆತ್ತಿದವು. 1961ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪನೆಯಾಯಿತು. ಅದರ ಅಂಗವಾಗಿ 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ಇಂದು ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಹುಟ್ಟಿತು. 1972ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಬರೋಡಾದಲ್ಲಿ ಪ್ರೊ. ಎಂ. ಬಿ. ಬುಚ್ ಅವರು ದೇಶದ ಶಿಕ್ಷಣ ಸಂಶೋಧನೆಗಳ ಸಾರವನ್ನು ಒಂದೆಡೆ ಕಲೆಹಾಕಿ, ಮೊದಲ ಸಮೀಕ್ಷಾ ಸಂಪುಟವನ್ನು 1974ರಲ್ಲಿ ಹೊರತಂದರು. ಯಾವ ವಿಷಯದ ಮೇಲೆ ಯಾರು ಏನು ಮಾಡಿದ್ದಾರೆಂದು ತಿಳಿಯದೆ ಮಾಡಿದ್ದನ್ನೇ ಮಾಡುವ ಶ್ರಮ ಇದರಿಂದ ಬಹಳಮಟ್ಟಿಗೆ ತಪ್ಪಿತು.

ನಿಯಮಗಳೂ ಕಾಲಕ್ರಮದಲ್ಲಿ ಬಿಗಿಯಾದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಸಂಶೋಧನಾ ವಿಧಾನವನ್ನು ತರಗತಿಯಲ್ಲಿ ಕುಳಿತು ಕಲಿಯುವುದನ್ನು ಕಡ್ಡಾಯಗೊಳಿಸಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಒಂದು ವರ್ಷದ ಎಂ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಸಂಶೋಧನಾ ಪ್ರಬಂಧವನ್ನು ಅದರ ಅವಶ್ಯಭಾಗವನ್ನಾಗಿ ಇರಿಸಿತು. 2022ರಲ್ಲಿ ಎಂ.ಫಿಲ್. ಪದವಿಯನ್ನು ನಿಲ್ಲಿಸಲಾಯಿತು. ಎಂ.ಎಡ್.ಗೂ ಪಿಎಚ್.ಡಿ.ಗೂ ನಡುವೆ ಇದ್ದ ಆ ಮೆಟ್ಟಿಲು ಹೋದುದರಿಂದ, ಶಿಕ್ಷಕನಾದವನು ಸಂಶೋಧನೆಯನ್ನು ಕೈಮುಟ್ಟಿ ಮಾಡಿ ಕಲಿಯುವ ಮೊದಲ ಅವಕಾಶವೂ, ಬಹುಮಂದಿಗೆ ಕೊನೆಯ ಅವಕಾಶವೂ ಎಂ.ಎಡ್. ಪ್ರಬಂಧವೇ ಆಗಿದೆ.

ಆದರೆ ನಿಯಮ ಬಿಗಿಯಾದಷ್ಟಕ್ಕೆ ವಿದ್ಯೆ ಬರುವುದಿಲ್ಲ. ಐದು ಅಧ್ಯಾಯ, ಒಂದು ಸಿದ್ಧ ಪ್ರಶ್ನಾವಳಿ, ನೂರು ಮಕ್ಕಳು, ನಾಲ್ಕು ಕೋಷ್ಟಕ, ಹೊನ್ನಕ್ಷರದ ರಟ್ಟು ಎಂಬಂತೆ ಪ್ರಬಂಧವು ಕೇವಲ ವಿಧಿಯಾಗಿ ಮುಗಿದುಹೋಗುವುದುಂಟು. ಪ್ರಶ್ನಾವಳಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬಂದು, ವಾರದ ಮೇಲೆ ಭರ್ತಿಯಾದ ಕಟ್ಟನ್ನು ಒಯ್ಯುವವರಿದ್ದಾರೆ. ಲೆಕ್ಕದ ಭಾಗವನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸುವವರೂ ಇದ್ದಾರೆ. ಇಂಥ ಪ್ರಬಂಧದಿಂದ ಪದವಿ ಬರುತ್ತದೆ. ಶಾಲೆಗೆ ಏನೂ ಬರುವುದಿಲ್ಲ. ವಿಧಿಗೂ ವಿದ್ಯೆಗೂ ಇರುವ ಅಂತರವನ್ನು ತಿಳಿಯಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು.

ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆಯಲ್ಲಿ ಹತ್ತು ವರ್ಷ ಗಣಿತ ಕಲಿಸಿದ ಶಿಕ್ಷಕಿಯೊಬ್ಬರು ಎಂ.ಎಡ್.ಗೆ ಸೇರಿದ್ದಾರೆಂದು ಭಾವಿಸಬಹುದು. ಆ ಶಾಲೆಗೆ ಸೇರಿದಂತೆ ಒಂದು ಉಚಿತ ಪ್ರಸಾದ ನಿಲಯವಿದೆ. ನಿಲಯದ ಮಕ್ಕಳು ಮನೆಯಿಂದ ಬರುವ ಮಕ್ಕಳಿಗಿಂತ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚು ಅಂಕ ಗಳಿಸುತ್ತಾರೆಂದು ವಾರ್ಷಿಕ ವರದಿಯಲ್ಲಿ ವರ್ಷವರ್ಷವೂ ಅಚ್ಚಾಗುತ್ತದೆ. ಶಿಕ್ಷಕಿಗೂ ಅದರಲ್ಲಿ ಪೂರ್ಣ ನಂಬಿಕೆ. ಅದನ್ನೇ ಸಂಖ್ಯೆಗಳಿಂದ ಸಿದ್ಧಪಡಿಸಿ ತೋರಿಸಿದರೆ ಪ್ರಬಂಧವೂ ಆಯಿತು, ಸಂಸ್ಥೆಯ ಋಣವೂ ಸಂದಿತು ಎಂಬುದು ಅವರ ಎಣಿಕೆ.

ಮಾರ್ಗದರ್ಶಕರಾದ ಹಿರಿಯ ಪ್ರಾಧ್ಯಾಪಕರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ: “ನಿಮ್ಮ ನಿಲಯಕ್ಕೆ ಯಾರನ್ನು ಸೇರಿಸಿಕೊಳ್ಳುತ್ತೀರಮ್ಮ?”

“ಏಳನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಬಡ ಮಕ್ಕಳನ್ನು, ಸರ್.”

“ಹಾಗಾದರೆ ಅವರು ಬಂದ ದಿನವೇ ಮುಂದಿದ್ದರಲ್ಲವೇ? ನಿಲಯ ಮಾಡಿದ್ದೇನು?”

ಸಂಶೋಧನಾ ವಿಧಾನದ ಶಿಕ್ಷಣ ಆರಂಭವಾಗುವುದು ಇಲ್ಲಿಂದ. ಎರಡು ಗುಂಪುಗಳು ಹೊರಟ ಸ್ಥಳವೇ ಬೇರೆಯಾಗಿದ್ದರೆ, ತಲುಪಿದ ಸ್ಥಳವನ್ನು ಮಾತ್ರ ಹೋಲಿಸಿ ದಾರಿಯ ಗುಣವನ್ನು ಹೇಳಲಾಗದು. ಆಯ್ದುಕೊಂಡ ಮಕ್ಕಳ ಜಾಣ್ಮೆಯನ್ನು ಶಾಲೆಯ ಸಾಧನೆಯೆಂದು ಎಣಿಸುವ ತಪ್ಪು ಎಲ್ಲೆಡೆಯೂ ನಡೆಯುತ್ತದೆ. ಹೆಸರಾಂತ ಕಾಲೇಜುಗಳ ಕೀರ್ತಿಯ ಒಂದು ಪಾಲು ಪ್ರವೇಶದ ದಿನವೇ ಸಂಪಾದಿತವಾದುದು. ಆದುದರಿಂದ ಶಿಕ್ಷಕಿ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದು, ಏಳನೆಯ ತರಗತಿಯಲ್ಲಿ ಸಮಾನ ಅಂಕ ಪಡೆದು ಬಂದ ನಿಲಯದ ಮಗುವನ್ನೂ ಮನೆಯ ಮಗುವನ್ನೂ ಜೊತೆಜೊತೆಯಾಗಿ ಇಟ್ಟು ನೋಡಬೇಕಾಗುತ್ತದೆ. ಕೆಲಸ ಮೂರು ಪಟ್ಟು ಹೆಚ್ಚುತ್ತದೆ. ಹಾಗೆ ಹೋಲಿಸಿದರೂ ಮನೆಯ ಸ್ಥಿತಿಗತಿಯಂಥ ಇತರ ಭೇದಗಳು ಉಳಿದೇ ಇರುತ್ತವೆ. ಅವನ್ನು ಪ್ರಬಂಧದಲ್ಲಿ ಒಪ್ಪಿ ಬರೆಯುವುದೂ ಆ ಶಿಕ್ಷಣದ ಭಾಗವೇ.

ದಾಖಲಾತಿ ಪುಸ್ತಕವನ್ನು ತೆರೆದವರಿಗೆ ಇನ್ನೊಂದು ಸಂಗತಿ ಕಾಣದೆ ಇರದು. ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರೆಂದು ಇಟ್ಟುಕೊಳ್ಳಬಹುದು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 45, ತೇರ್ಗಡೆಯಾದವರು 40. ವರದಿಯಲ್ಲಿ ಶೇಕಡ 89 ಎಂದು ಅಚ್ಚಾಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸೇರಿದ 60ಕ್ಕೆ ಲೆಕ್ಕ ಹಾಕಿದರೆ ಅದು ಶೇಕಡ 67 ಮಾತ್ರ. ನಡುವೆ ಹೋದ ಹದಿನೈದು ಮಕ್ಕಳಲ್ಲಿ ಕೆಲವರು ಬೇರೆ ಶಾಲೆಗೆ ಸೇರಿರಬಹುದು. ಕೆಲವರು ತಂದೆತಾಯಿಗಳೊಡನೆ ಕಬ್ಬು ಕಡಿಯಲು ಗುಳೆ ಹೋಗಿರಬಹುದು. ಒಂದಿಬ್ಬರು ಹೆಣ್ಣುಮಕ್ಕಳ ಮದುವೆಯೇ ಆಗಿರಬಹುದು. ಅವರು ಅನುತ್ತೀರ್ಣರಾದವರ ಪಟ್ಟಿಯಲ್ಲಿಯೂ ಇಲ್ಲ. ಶೇಕಡಾವಾರು ಲೆಕ್ಕದಲ್ಲಿ ಅಂಶವನ್ನು ಎಲ್ಲರೂ ನೋಡುತ್ತಾರೆ. ಛೇದವನ್ನು ನೋಡುವವನು ಸಂಶೋಧಕ.

ಶಾಲೆಯ ಹೊರಗೆ ಉಳಿದ ಮಗುವನ್ನು ಲೆಕ್ಕಕ್ಕೆ ತರುವ ಪ್ರಯತ್ನಕ್ಕೆ ದೇಶದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ‘ಪ್ರಥಮ್’ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಅಸರ್’ ಎಂಬ ಗ್ರಾಮೀಣ ಸಮೀಕ್ಷೆ ಮಕ್ಕಳನ್ನು ಶಾಲೆಯಲ್ಲಿ ಹುಡುಕಲಿಲ್ಲ, ಮನೆಯಲ್ಲಿ ಹುಡುಕಿತು. ಶಾಲೆಗೆ ಹೋಗಿ ಓದಿಸಿದರೆ ಅಂದು ಹಾಜರಿದ್ದವರು ಮಾತ್ರ ಸಿಗುತ್ತಾರೆ. ಗೈರುಹಾಜರಾದವರು, ಬಿಟ್ಟವರು, ಖಾಸಗಿ ಶಾಲೆಗೆ ಹೋಗುವವರು ತಪ್ಪಿಹೋಗುತ್ತಾರೆ. ಆದುದರಿಂದ ಜನಗಣತಿಯ ಪಟ್ಟಿಯಿಂದ ಜಿಲ್ಲೆಗೆ ಸಾಮಾನ್ಯವಾಗಿ 30 ಹಳ್ಳಿಗಳು, ಹಳ್ಳಿಗೆ 20 ಮನೆಗಳು ಎಂಬಂತೆ ಆಯ್ದುಕೊಳ್ಳುವ ಕ್ರಮ ರೂಢಿಗೆ ಬಂದಿತು. ಹಳ್ಳಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲಿಯೂ ಮನೆಗಳನ್ನು ಎಣಿಸುತ್ತ ಹೋಗಿ ಆರಿಸುವುದು ವಿಧಾನ. ಮಗು ಯಾವ ತರಗತಿಯಲ್ಲಿದ್ದರೂ ಅದೇ ಅಕ್ಷರ, ಅದೇ ಪದ, ಅದೇ ಚಿಕ್ಕ ಪಾಠವನ್ನು ಓದಿಸಿ ನೋಡಲಾಗುತ್ತದೆ. ಇಷ್ಟು ಸರಳ ವಿಧಾನದಿಂದಲೇ, ಶಾಲೆಗೆ ಸೇರುವುದು ಬೇರೆ, ಓದಲು ಬರುವುದು ಬೇರೆ ಎಂಬ ಸತ್ಯ ದೇಶದ ಮುಂದೆ ಬಂದಿತು. ಈ ಸಮೀಕ್ಷೆಯ ಬಗ್ಗೆ ಭಿನ್ನಾಭಿಪ್ರಾಯಗಳು ಇಲ್ಲವೆಂದಲ್ಲ. ಆದರೆ ಹಳ್ಳಿಯ ನಡುವೆ ನಿಂತು ಯಾವ ಮನೆಯ ಬಾಗಿಲು ತಟ್ಟಬೇಕೆಂಬುದನ್ನು ತನ್ನ ಇಚ್ಛೆಗೆ ಬಿಡದೆ ನಿಯಮಕ್ಕೆ ಒಪ್ಪಿಸುವುದರಲ್ಲಿ ಒಂದು ಸಂಯಮವಿದೆ. ಪರಿಚಿತರ ಮನೆ, ರಸ್ತೆಯ ಬದಿಯ ಮನೆ, ನೀರು ಕೊಟ್ಟು ಕೂರಿಸುವ ಮನೆ ಇವನ್ನೇ ಆರಿಸಿಕೊಳ್ಳುವ ಆಸೆ ಎಲ್ಲರಿಗೂ ಸಹಜ. ಕೇರಿಯ ಕೊನೆಯ ಮನೆಗೂ ಸರದಿ ಬರುವಂತೆ ಮಾಡುವುದೇ ಮಾದರಿ ಆಯ್ಕೆಯ ಶಾಸ್ತ್ರ.

ಮಕ್ಕಳನ್ನು ಆಯ್ದ ಮೇಲೆ ಅವರನ್ನು ಏನು ಕೇಳಬೇಕು, ಹೇಗೆ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಶಿಕ್ಷಕಿ ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ “ಪ್ರತಿದಿನ ಎಷ್ಟು ಹೊತ್ತು ಮನೆಗೆಲಸ ಮಾಡುತ್ತೀಯೆ?” ಎಂಬುದೊಂದು ಪ್ರಶ್ನೆ ಇರಬಹುದು. ಇಂಗ್ಲಿಷ್ ಪುಸ್ತಕದಲ್ಲಿದ್ದ ‘ಹೋಂವರ್ಕ್’ ಎಂಬುದಕ್ಕೆ ಅವರು ಕೊಟ್ಟ ಕನ್ನಡ ಅದು. ಹುಡುಗನೊಬ್ಬ ‘ಅರ್ಧ ಗಂಟೆ’ ಎಂದು ಬರೆಯುತ್ತಾನೆ. ಅವನ ಪಕ್ಕದ ಹಳ್ಳಿಯ ಹುಡುಗಿ ‘ಮೂರು ಗಂಟೆ’ ಎಂದು ಬರೆಯುತ್ತಾಳೆ. ಕೋಷ್ಟಕದಲ್ಲಿ ಹುಡುಗಿ ಮಹಾ ಶ್ರಮಶೀಲೆಯಾಗಿ ಕಾಣುತ್ತಾಳೆ. ಅಷ್ಟು ಓದಿಯೂ ಅಂಕ ಕಡಿಮೆ ಏಕೆಂಬುದು ಬಿಡಿಸಲಾಗದ ಒಗಟಾಗುತ್ತದೆ. ವಾಸ್ತವವಾಗಿ ಅವಳು ಬರೆದದ್ದು ನೀರು ತಂದ, ಪಾತ್ರೆ ತೊಳೆದ, ರೊಟ್ಟಿ ಬಡಿದ ಮೂರು ಗಂಟೆಗಳ ಲೆಕ್ಕ. ಪ್ರಶ್ನೆ ಒಂದನ್ನು ಕೇಳಿತು, ಮಗು ಇನ್ನೊಂದನ್ನು ಹೇಳಿತು. ಇದನ್ನೇ ಪಠ್ಯಪುಸ್ತಕ ‘ಸಪ್ರಮಾಣತೆ’ಯ ಕೊರತೆಯೆಂದು ಕರೆಯುತ್ತದೆ. ಹತ್ತು ಮಕ್ಕಳ ಮೇಲೆ ಮೊದಲು ಪ್ರಯೋಗಿಸಿ, ಎದುರು ಕೂರಿಸಿಕೊಂಡು “ಇದನ್ನು ಓದಿದಾಗ ನಿನಗೇನು ಅನ್ನಿಸಿತು?” ಎಂದು ಕೇಳಿದ್ದರೆ ದೋಷ ಅಲ್ಲಿಯೇ ತಿಳಿಯುತ್ತಿತ್ತು. ಆ ಹುಡುಗಿಯ ಮೂರು ಗಂಟೆಯ ದುಡಿಮೆ ದೋಷವಾಗದೆ ಬಹುಶಃ ಇಡೀ ಅಧ್ಯಯನದ ಮುಖ್ಯ ಶೋಧವಾಗುತ್ತಿತ್ತು.

ಸಿದ್ಧ ಸಾಧನಗಳ ಬಳಕೆಯಲ್ಲಿಯೂ ಇದೇ ಎಚ್ಚರ ಬೇಕು. ಕುಟುಂಬದ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನು ಅಳೆಯಲು ಮನೋವಿಜ್ಞಾನಿ ಬಿ. ಕುಪ್ಪುಸ್ವಾಮಿಯವರು 1976ರಲ್ಲಿ ರೂಪಿಸಿದ ಮಾಪಕವನ್ನು ವಿದ್ಯಾರ್ಥಿಗಳು ಇಂದಿಗೂ ಬಳಸುತ್ತಾರೆ. ಕುಟುಂಬದ ಯಜಮಾನನ ವಿದ್ಯಾಭ್ಯಾಸ, ಉದ್ಯೋಗ, ಕುಟುಂಬದ ಮಾಸಿಕ ಆದಾಯ ಇವು ಮೂರು ಅದರ ಆಧಾರಗಳು. ಆದಾಯದ ಅಂಕೆಗಳನ್ನು ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ ಆ ಮಾಪಕದಲ್ಲಿ ಇಂದಿನ ಕೂಲಿಕಾರನೂ ಶ್ರೀಮಂತನಾಗಿ ತೋರುತ್ತಾನೆ. ಅದಲ್ಲದೆ ಅದು ರಚಿತವಾದುದು ನಗರದ ಕುಟುಂಬಗಳಿಗಾಗಿ. ಹಳ್ಳಿಗಾಗಿ ಉದಯ್ ಪಾರೀಕ್ ಮತ್ತು ಜಿ. ತ್ರಿವೇದಿಯವರು 1964ರಲ್ಲಿ ರೂಪಿಸಿದ ಬೇರೊಂದು ಮಾಪಕವಿದ್ದು, ಅದರಲ್ಲಿ ಭೂಮಿ, ಮನೆ, ಉಳುಮೆಯ ದನಗಳು ಮುಂತಾದವು ಲೆಕ್ಕಕ್ಕೆ ಬರುತ್ತವೆ. ಬಾಡಿಗೆಯ ಟ್ರ್ಯಾಕ್ಟರಿನಿಂದ ಉಳುಮೆ ನಡೆಯುವ ಇಂದಿನ ಊರಿಗೆ ಅದನ್ನೂ ಇದ್ದಂತೆಯೇ ಅನ್ವಯಿಸಲಾಗದು. ಅಳತೆಗೋಲಿಗೂ ವಯಸ್ಸಾಗುತ್ತದೆ. ಕಾಮತರು ಬಹು ಹಿಂದೆಯೇ ತೋರಿದ ವಿವೇಕವನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕು.

ಅಳೆಯುವ ಮೊದಲು ಏನನ್ನು ಅಳೆಯುತ್ತಿದ್ದೇವೆಂಬುದನ್ನು ಖಚಿತಪಡಿಸಿಕೊಳ್ಳದಿದ್ದರೆ ಎಂಥ ಅನರ್ಥವಾದೀತೆಂಬುದಕ್ಕೆ ಶಿಕ್ಷಕರಿಗೇ ಸಂಬಂಧಿಸಿದ ಒಂದು ನಿದರ್ಶನವುಂಟು. ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು 20 ರಾಜ್ಯಗಳ ಸುಮಾರು 3700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿಯಿತ್ತು, ಸರ್ಕಾರಿ ಪ್ರಾಥಮಿಕ ಶಾಲೆಗಳ ಶೇಕಡ 25ರಷ್ಟು ಶಿಕ್ಷಕರು ಗೈರುಹಾಜರಿದ್ದರೆಂದು ತಿಳಿಸಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಆರು ರಾಜ್ಯಗಳ 619 ಶಾಲೆಗಳನ್ನು ನೋಡಿ, ಸಕಾರಣವಿಲ್ಲದೆ ಗೈರುಹಾಜರಾದವರು ಶೇಕಡ 2.5 ಮಾತ್ರವೆಂದು ಹೇಳಿತು. ಎರಡು ಸಂಖ್ಯೆಗಳ ನಡುವೆ ಹತ್ತು ಪಟ್ಟು ಅಂತರ! ಸ್ಥಳ, ಕಾಲಗಳ ವ್ಯತ್ಯಾಸ ಇದ್ದೇ ಇದೆ. ಆದರೆ ದೊಡ್ಡ ವ್ಯತ್ಯಾಸ ವ್ಯಾಖ್ಯೆಯಲ್ಲಿದೆ. ಮೊದಲನೆಯದು ಭೇಟಿಯ ವೇಳೆ ಶಾಲೆಯಲ್ಲಿ ಕಾಣದವರನ್ನು ಎಣಿಸಿತು. ಎರಡನೆಯದು ರಜೆಯ ಮೇಲಿದ್ದವರನ್ನೂ ತರಬೇತಿ ಮತ್ತಿತರ ಸರ್ಕಾರಿ ಕರ್ತವ್ಯಕ್ಕೆ ಹೋದವರನ್ನೂ ಬೇರೆ ಮಾಡಿ ಎಣಿಸಿತು. ಮಗುವಿನ ದೃಷ್ಟಿಯಿಂದ ನೋಡಿದರೆ ಯಾವ ಕಾರಣಕ್ಕಾದರೂ ಸರಿ, ಶಿಕ್ಷಕರಿಲ್ಲದ ತರಗತಿ ಬರಿದೇ. ಶಿಕ್ಷಕನ ಗೌರವದ ದೃಷ್ಟಿಯಿಂದ ನೋಡಿದರೆ ಕರ್ತವ್ಯದ ಮೇಲೆ ಹೋದವನನ್ನು ಕಳ್ಳಬಿದ್ದವನೆಂದು ಕರೆಯುವುದು ಅನ್ಯಾಯ. ಎರಡು ಸಂಖ್ಯೆಗಳೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳಾಗಿವೆ. ವ್ಯಾಖ್ಯೆಯನ್ನು ಓದದೆ ಸಂಖ್ಯೆಯನ್ನು ಮಾತ್ರ ಎತ್ತಿ ಆಡುವವರ ಕೈಯಲ್ಲಿ ಇಡೀ ಶಿಕ್ಷಕ ಸಮುದಾಯದ ಮಾನವಿರುತ್ತದೆ. ಇಂಥ ಮಾತನ್ನು ಎದುರಿಸಬೇಕಾದರೆ ಶಿಕ್ಷಕನಿಗೆ ಸಿಟ್ಟು ಸಾಲದು, ವಿಧಾನದ ಜ್ಞಾನ ಬೇಕು.

ಎಲ್ಲವೂ ಸಂಖ್ಯೆಯಲ್ಲಿ ಸಿಗುವುದಿಲ್ಲ. ಮನೆಯಂಗಳದಲ್ಲಿ ಕುಳಿತು ಕೇಳಿದಾಗ ಮಾತ್ರ ಕೆಲವು ಉತ್ತರಗಳು ಬರುತ್ತವೆ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಯ ಮನೆಗೆ ಆ ಶಿಕ್ಷಕಿ ಹೋದರೆ ತಾಯಿ ಹೇಳುವ ಮಾತು ಬಹುಶಃ ಇಷ್ಟೇ: “ಅಕಿ ಸಾಲಿಗೆ ಬಂದ್ರ ಸಣ್ಣ ಕೂಸಿನ್ನ ಯಾರ ನೋಡ್ಕೋಬೇಕ್ರಿ ಅಕ್ಕಾರ?” ದಾಖಲೆಯಲ್ಲಿ ‘ಅನಾಸಕ್ತಿ’ ಎಂದು ಬರೆದಿದ್ದ ಕಾರಣ ಆ ಒಂದು ಮಾತಿನಿಂದ ಬಿದ್ದುಹೋಗುತ್ತದೆ. ಇಂಥ ಕ್ಷೇತ್ರಕಾರ್ಯದಲ್ಲಿ ಕನ್ನಡ ನಾಡಿಗೆ ದೊಡ್ಡ ಪರಂಪರೆಯಿದೆ. ಪ್ರೊ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸಿಸಿ ಅಲ್ಲಿನ ಜೀವನವನ್ನು ಬರೆದುಕೊಂಡರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಗಳ ಶ್ರಮದಿಂದ ವಿಂಗಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಗ ಅವರು ಮುಖ್ಯವಾಗಿ ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾಯಿತು. ಪ್ರತಿಗಳನ್ನು ಒಂದೇ ಕಡೆ ಇರಿಸಬಾರದೆಂಬುದು ಅದರಿಂದ ಕಲಿಯುವ ಸಣ್ಣ ಪಾಠ. ದೊಡ್ಡ ಪಾಠವೆಂದರೆ, ಊರಿನಲ್ಲಿ ನಿಜವಾಗಿ ಬಾಳಿದವನಿಗೆ ಮಾತ್ರ ಕಾಗದ ಸುಟ್ಟ ಮೇಲೂ ಹೇಳಲು ಏನಾದರೂ ಉಳಿದಿರುತ್ತದೆ. ಮುಖ್ಯೋಪಾಧ್ಯಾಯರ ಕೈಗೆ ಪ್ರಶ್ನಾವಳಿ ಕೊಟ್ಟು ಬಂದವನಿಗೆ ಏನು ಉಳಿದೀತು?

ಶ್ರೀನಿವಾಸರು ಆ ಹಳ್ಳಿಯನ್ನು ‘ರಾಂಪುರ’ವೆಂಬ ಬೇರೆ ಹೆಸರಿನಿಂದ ಕರೆದರು. ಮಾತು ಕೊಟ್ಟವರ ಗುಟ್ಟನ್ನು ಕಾಯುವುದು ಸಂಶೋಧಕನ ಧರ್ಮ. ಶಾಲೆಯಲ್ಲಿ ಈ ಧರ್ಮ ಇನ್ನೂ ಸೂಕ್ಷ್ಮವಾದುದು. ಕೇಳುವವರು ಗುರುಗಳು, ಉತ್ತರಿಸುವುದು ಮಗು. “ಇಷ್ಟವಿಲ್ಲದಿದ್ದರೆ ಉತ್ತರಿಸಬೇಡ” ಎಂದು ಎಷ್ಟು ಹೇಳಿದರೂ ಇಷ್ಟವಿಲ್ಲವೆನ್ನುವ ಧೈರ್ಯ ಎಷ್ಟು ಮಕ್ಕಳಿಗಿದ್ದೀತು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ತರಗತಿ ಶಿಕ್ಷಕರೇ ಪಕ್ಕದಲ್ಲಿ ನಿಂತಿರುವಾಗ “ನಿಮ್ಮ ಶಾಲೆಯಲ್ಲಿ ಹೊಡೆಯುತ್ತಾರೆಯೇ?” ಎಂದು ಕೇಳಿದರೆ ಎಲ್ಲ ಹಾಳೆಗಳಲ್ಲಿಯೂ ‘ಇಲ್ಲ’ ಎಂದೇ ಬರುತ್ತದೆ. ಅದು ಶಾಲೆಯ ಸ್ಥಿತಿಯ ದಾಖಲೆಯಲ್ಲ, ಮಗುವಿನ ಅಂಜಿಕೆಯ ದಾಖಲೆ. ಹೆಸರು ಬರೆಸದಿರುವುದು, ತರಗತಿ ಶಿಕ್ಷಕರನ್ನು ದೂರವಿರಿಸುವುದು, ಪಾಲಕರ ಒಪ್ಪಿಗೆ ಪಡೆಯುವುದು ಇವುಗಳನ್ನು ಕೇವಲ ಶಿಷ್ಟಾಚಾರವೆಂದು ತಿಳಿಯಬಾರದು. ಇವಿಲ್ಲದೆ ಸತ್ಯವೇ ದೊರೆಯದು.

ಇಷ್ಟೆಲ್ಲ ಶ್ರಮದ ಕೊನೆಗೆ ಆ ಶಿಕ್ಷಕಿಗೆ ತಾನು ನೆನೆಸಿದ್ದಕ್ಕಿಂತ ಬೇರೆಯೇ ಆದ ಉತ್ತರ ದೊರೆತರೆ ಏನು ಗತಿ? ಸಮಾನ ಅಂಕಗಳಿಂದ ಆರಂಭಿಸಿದ ಮಕ್ಕಳನ್ನು ಹೋಲಿಸಿದಾಗ ನಿಲಯದವರಿಗೂ ಮನೆಯವರಿಗೂ ಎಸ್.ಎಸ್.ಎಲ್.ಸಿ. ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವೇ ಇಲ್ಲವೆಂದು ಕಂಡಿತೆಂದು ಭಾವಿಸಬಹುದು. ಅದೇ ಕೋಷ್ಟಕದ ಇನ್ನೊಂದು ಅಂಕಣದಲ್ಲಿ, ನಿಲಯದ ಮಕ್ಕಳಲ್ಲಿ ನಡುವೆ ಶಾಲೆ ಬಿಟ್ಟವರು ತೀರ ವಿರಳ ಎಂದೂ ಕಂಡಿತು. ಈಗ ಅವರ ಮುಂದೆ ಎರಡು ದಾರಿಗಳಿವೆ. ಮೊದಲನೆಯ ಮಾತನ್ನು ಬರೆದರೆ ವರ್ಷವರ್ಷವೂ ಅಚ್ಚಾದ ವರದಿಯ ವಾಕ್ಯವನ್ನು ಅಲ್ಲಗಳೆದಂತಾಗುತ್ತದೆ. ಅನ್ನವಿಟ್ಟ ಸಂಸ್ಥೆಗೆ ಎದುರು ಹೇಳಿದಂತೆ ಕೆಲವರಿಗೆ ತೋರಬಹುದು. ಮರೆಮಾಚಿ ಹಳೆಯ ಹೋಲಿಕೆಯನ್ನೇ ಬರೆದರೆ ಪರೀಕ್ಷಕರೂ ಪ್ರಶ್ನಿಸಲಾರರು, ಮೇಲಿನವರೂ ಮೆಚ್ಚುತ್ತಾರೆ. ಅಂಕಿ ಅಂಶಗಳ ಯಾವ ಸೂತ್ರವೂ ಇಲ್ಲಿ ನೆರವಿಗೆ ಬಾರದು. ಎರಡು ವರ್ಷಗಳ ವ್ಯಾಸಂಗದಿಂದ ಆಕೆ ನಿಜವಾಗಿ ಏನನ್ನು ಕಲಿತರೆಂಬುದು ಆ ಒಂದು ಪುಟದಲ್ಲಿ ತಿಳಿದುಬರುತ್ತದೆ.

ಸತ್ಯವನ್ನು ಬರೆದರೆ ಸಂಸ್ಥೆಗೆ ನಷ್ಟವೇ? ನಿಧಾನವಾಗಿ ವಿಚಾರಿಸಿದರೆ ಹಾಗೆ ತೋರುವುದಿಲ್ಲ. ನಿಲಯವು ಮಕ್ಕಳ ಅಂಕ ಹೆಚ್ಚಿಸುತ್ತದೆಂಬ ಹೆಮ್ಮೆ ಹೋಗಬಹುದು. ಆದರೆ ಬಡ ಮಗುವನ್ನು ಶಾಲೆ ಬಿಡದಂತೆ ಹಿಡಿದು ನಿಲ್ಲಿಸುತ್ತದೆಂಬ ಹೊಸ ತಿಳಿವು ಬರುತ್ತದೆ. ಹಾಗಿದ್ದ ಪಕ್ಷದಲ್ಲಿ, ಹೆಚ್ಚು ಅಂಕ ಪಡೆದವರನ್ನೇ ಆರಿಸಿ ಸೇರಿಸಿಕೊಳ್ಳುವ ಪದ್ಧತಿಯನ್ನು ಪುನರ್ವಿಮರ್ಶೆ ಮಾಡಬೇಕಲ್ಲವೇ? ಶಾಲೆ ಬಿಡುವ ಸಂಭವ ಯಾರಿಗೆ ಹೆಚ್ಚೋ, ನಿಲಯದ ಒಂದು ಹಾಸಿಗೆ ಅವರಿಗೆ ಹೆಚ್ಚು ಅವಶ್ಯ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಆ ಹುಡುಗಿಯಂಥವರಿಗೆ ಏನು ಮಾಡಬಹುದೆಂಬ ಪ್ರಶ್ನೆಯೂ ಆಗ ಆಡಳಿತ ಮಂಡಳಿಯ ಮುಂದೆ ಬರುತ್ತದೆ. ದಾನಿ ಕೊಟ್ಟ ಒಂದೊಂದು ರೂಪಾಯಿಯೂ ಎಲ್ಲಿ ಹೆಚ್ಚು ಫಲ ಕೊಡುತ್ತದೆಂಬುದನ್ನು ತೋರಿಸಿಕೊಟ್ಟ ಪ್ರಬಂಧವು ದಾನಕ್ಕೆ ಸಲ್ಲಿಸಿದ ಗೌರವವೇ ಸರಿ. ಕೇಳಲು ಹಿತವಾದ ಸುಳ್ಳು ಒಂದು ವರ್ಷದ ವರದಿಗೆ ಶೋಭೆ ತರುತ್ತದೆ. ಕಹಿಯಾದ ನಿಜ ಹತ್ತು ವರ್ಷಗಳ ಮಕ್ಕಳಿಗೆ ದಾರಿಯಾಗುತ್ತದೆ.

ಇಂಥ ಪ್ರಬಂಧಗಳು ಹುಟ್ಟಬೇಕಾದರೆ ವಿಶ್ವವಿದ್ಯಾಲಯಗಳ ಕೆಲಸ ಎಷ್ಟು ಮುಖ್ಯವೋ ಶಾಲೆಗಳ ಸಹಕಾರವೂ ಅಷ್ಟೇ ಮುಖ್ಯ. ಅದಕ್ಕೆ ಬಹು ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಹಳೆಯ ದಾಖಲಾತಿ ಮತ್ತು ಹಾಜರಿ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಒಂದು ಬೀರುವಿನಲ್ಲಿ ಕಾಪಾಡುವುದು ಮೊದಲ ಕೆಲಸ. ವರ್ಗಾವಣೆ ಪತ್ರ ಕೊಡುವಾಗ ಮಗು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂಬುದನ್ನು ವಿಚಾರಿಸಿ ನಾಲ್ಕು ಸಾಲು ಬರೆದಿಡುವುದು ಎರಡನೆಯದು. ಫಲಿತಾಂಶ ಪ್ರಕಟಿಸುವಾಗ ಪರೀಕ್ಷೆಗೆ ಕುಳಿತವರ ಸಂಖ್ಯೆಯ ಪಕ್ಕದಲ್ಲಿ ಎಂಟನೆಯ ತರಗತಿಗೆ ಸೇರಿದ್ದವರ ಸಂಖ್ಯೆಯನ್ನೂ ಅಚ್ಚುಮಾಡುವುದು ಮೂರನೆಯದು. ಇದಕ್ಕೆ ಸ್ವಲ್ಪ ಧೈರ್ಯ ಬೇಕು. ಎಂ.ಎಡ್. ಮುಗಿಸಿ ಬಂದ ಶಿಕ್ಷಕರು ತಮ್ಮ ಪ್ರಬಂಧದ ಸಾರವನ್ನು ಸಹೋದ್ಯೋಗಿಗಳ ಮುಂದೆಯೂ ಪಾಲಕರ ಮುಂದೆಯೂ ಸರಳ ಕನ್ನಡದಲ್ಲಿ ಒಂದು ಗಂಟೆ ಓದಿ ಹೇಳುವ ಪದ್ಧತಿಯನ್ನು ಆರಂಭಿಸಿದರೆ, ಇಂಗ್ಲಿಷಿನಲ್ಲಿ ಬರೆದು ಕಪಾಟು ಸೇರುವ ಎಷ್ಟೋ ವಿಷಯಗಳು ಊರಿಗೆ ತಿಳಿಯುತ್ತವೆ. ಪ್ರಥಮ ಸ್ಥಾನ ಪಡೆದವರಿಗೆ ಪದಕಗಳನ್ನು ಇಟ್ಟಿರುವ ದಾನಿಗಳು ಅನೇಕರಿದ್ದಾರೆ. ಶಾಲೆ ಬಿಟ್ಟ ಮಕ್ಕಳ ಮನೆಗಳಿಗೆ ಹೋಗಿ ಬರುವ ಶಿಕ್ಷಕರ ಬಸ್ ಖರ್ಚಿಗೆ ಒಂದು ಸಣ್ಣ ನಿಧಿಯನ್ನು ಇಡುವವರು ಮುಂದೆ ಬಂದರೆ ಅದೂ ಪದಕದಷ್ಟೇ ಬೆಲೆಯುಳ್ಳ ಕಾರ್ಯವಾಗುತ್ತದೆ.

ಸಂಶೋಧನೆ ಎಂಬ ಪದದಲ್ಲಿಯೇ ‘ಶೋಧನೆ’ ಇದೆ. ಹುಡುಕುವುದು ಎಂಬುದರ ಜೊತೆಗೆ ಶುದ್ಧಿಗೊಳಿಸುವುದು ಎಂಬ ಅರ್ಥವೂ ಅದಕ್ಕುಂಟು. ಮಗುವನ್ನು ಕುರಿತು ಶಿಕ್ಷಕನಿಗಿರುವ ತಿಳಿವಳಿಕೆಯಲ್ಲಿ ಪ್ರೀತಿ ಎಷ್ಟಿದ್ದರೂ ಊಹೆ, ರೂಢಿ, ಅಭಿಮಾನಗಳು ಬೆರೆತಿರುತ್ತವೆ. ಅವನ್ನು ಸೋಸಿ ತೆಗೆಯುವ ಅಭ್ಯಾಸವನ್ನು ಸ್ನಾತಕೋತ್ತರ ತರಗತಿಗಳು ಕಲಿಸಿಕೊಟ್ಟರೆ, ಆ ವಿದ್ಯೆ ಪದವಿ ಪತ್ರದೊಡನೆ ಗೋಡೆಗೆ ಸೇರದೆ ಪ್ರತಿದಿನ ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಸರು ಕರೆದಾಗ ‘ಹಾಜರ್’ ಎನ್ನದ ಮಗು ಯಾರು, ಅದು ಈಗ ಎಲ್ಲಿದೆ ಎಂದು ಕೇಳುವ ಶಿಕ್ಷಕರು ಹೆಚ್ಚಲಿ.